ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್, ಲಿನಕ್ಸ್‌ನಲ್ಲಿ ಆರ್‌ಪಿಜಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹನ್ನೊಂದಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕೂ ಈಚಿನದೋ ಪ್ರೊಸೆಸರ್ ಬೇಕೆನ್ನುತ್ತದೆ. ಪುಣೆಯ ಹಿಂಜೆವಾಡಿ, ವಾಕಡ್ ಕಡೆಯ ಬಾಡಿಗೆ ಫ್ಲ್ಯಾಟುಗಳಿಗೆ ಹೋಗಿ ನೋಡಿ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದು ಕೆಲಸಕ್ಕೆ ಸೇರಿದವರ ಕಪಾಟಿನಲ್ಲಿ, ಕಾಲೇಜಿಗೆಂದು ಮನೆಯವರು ಕೊಡಿಸಿದ್ದ ಏಳನೇ ತಲೆಮಾರಿನ ಐ5 ಲ್ಯಾಪ್‌ಟಾಪು ಒಂದು ಸುಮ್ಮನೆ ಬಿದ್ದಿರುತ್ತದೆ. ಅದಕ್ಕೆ ವಿಂಡೋಸ್‌ನ ಜಾಗದಲ್ಲಿ ನಡೆಯುವ ಬಿಟ್ಟಿ ವ್ಯವಸ್ಥೆ ಲಿನಕ್ಸ್ ಹಾಕಿ ಎಂದರೆ ಬರುವ ಮೊದಲ ಮಾತು: "ಅಣ್ಣಾ, ಹಂಗಾದ್ರ ಆಟ ಎಲ್ಲಾ ಹೋದಂಗಲ್ರೀ?"

ಉತ್ತರ ಯಾವ ಆಟ ಎಂಬುದರ ಮೇಲಿದೆ. ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟ ಬೇಕೆನ್ನುವವರಿಗೆ ಹೌದು, ಹೋಯಿತು. ಅಂಥ ಆಟಗಳಲ್ಲಿ ಕಳ್ಳಾಟ ತಡೆಯುವ ಕಾವಲು ತಂತ್ರಾಂಶ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಹೋಗಿ ಕೂರುತ್ತದೆ, ಲಿನಕ್ಸ್‌ನಲ್ಲಿ ಅದು ನಡೆಯುವುದಿಲ್ಲ. ಆದರೆ ಪಾತ್ರ ಕಟ್ಟಿಕೊಂಡು, ಊರೂರು ತಿರುಗಿ, ಸಿಕ್ಕಸಿಕ್ಕವರ ಜೊತೆ ಮಾತಾಡಿ ನೂರಾರು ಗಂಟೆ ಕಳೆಯುವ ಆರ್‌ಪಿಜಿಗಳು, ಅಂದರೆ ರೋಲ್ ಪ್ಲೇಯಿಂಗ್ ಗೇಮುಗಳು, ನಿಮ್ಮ ಚಟವಾದರೆ, ಲಿನಕ್ಸ್‌ಗೆ ಇಷ್ಟು ಸಲೀಸಾಗಿ ಒಗ್ಗುವ ಬಗೆಯ ಆಟ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬಹುಪಾಲು ಒಬ್ಬರೇ ಆಡುವಂಥವು, ಹಾಗಾಗಿ ಕಾವಲಿನ ಕಾಟವಿಲ್ಲ. ಕಾಳಗ ಸರದಿಯ ಪ್ರಕಾರ ನಡೆಯುವುದಾದರೆ, ಸೆಕೆಂಡಿಗೆ 30 ಫ್ರೇಮ್ ಮಾತ್ರ ಬಂತು ಎಂಬ ಕಾರಣಕ್ಕೆ ನಿಮ್ಮ ಮಂತ್ರವಾದಿ ಸಾಯುವುದಿಲ್ಲ. ಹಳೆಯ ಆಟಗಳಿಗಂತೂ ಅಭಿಮಾನಿಗಳೇ ಹೊಸ ಎಂಜಿನ್ ಬರೆದು ಜೀವ ಉಳಿಸಿದ್ದಾರೆ.

ಶುರುಮಾಡುವ ಮೊದಲು ಒಂದು ಮಾತು. ಕಂಪನಿ ಕೊಟ್ಟ ಲ್ಯಾಪ್‌ಟಾಪಿನ ಮೇಲೆ ಇದ್ಯಾವುದನ್ನೂ ಮಾಡಬೇಡಿ. ಪೆನ್‌ಡ್ರೈವ್‌ನಿಂದ ಬರೀ ನೋಡುತ್ತೇನೆ ಅಂದರೂ ಬೇಡ.

ಯಂತ್ರ ಯಾವುದಕ್ಕೆ ತಡೆಯುತ್ತದೆ

ವಿಂಡೋಸ್ ಇನ್ನೂ ಇರುವಾಗಲೇ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಯಾವ ಕಂಪನಿಯದು. ಇದರಲ್ಲಿ ಗ್ರಾಫಿಕ್ಸೇ ಮುಖ್ಯ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಇವತ್ತಿನ ವ್ಯವಸ್ಥೆ ಆಟ ಗ್ರಾಫಿಕ್ಸ್ ಚಿಪ್ಪಿನೊಡನೆ ಮಾತಾಡಲು ಬಳಸುವ ವಲ್ಕನ್ ಎಂಬ ಮಾನದಂಡದ ಮೇಲೆ ನಿಂತಿದೆ. ಇಂಟೆಲ್‌ನ ಆರನೇ ತಲೆಮಾರಿನಿಂದ ಈಚೆಗೆ ವಲ್ಕನ್ ಬೆಂಬಲ ಚೆನ್ನಾಗಿದೆ, ನಾಲ್ಕನೆಯದರಲ್ಲಿ ಅರೆಬರೆ. ಎನ್‌ವಿಡಿಯಾದಲ್ಲಿ ಜಿಟಿಎಕ್ಸ್ 900 ಸರಣಿಯಿಂದ ಮುಂದಕ್ಕಿದ್ದರೆ ಯೋಚನೆಯಿಲ್ಲ.

8 ಜಿಬಿ ರ‍್ಯಾಮ್, ಇಂಟೆಲ್ ಎಚ್‌ಡಿ 620 ಇರುವ ಲ್ಯಾಪ್‌ಟಾಪಿನಲ್ಲಿ ಶ್ಯಾಡೋರನ್ ಡ್ರ್ಯಾಗನ್‌ಫಾಲ್, ಪಿಲ್ಲರ್ಸ್ ಆಫ್ ಇಟರ್ನಿಟಿ, ಬಾಲ್ಡರ್ಸ್ ಗೇಟ್‌ನ ಎನ್‌ಹಾನ್ಸ್‌ಡ್ ಎಡಿಷನ್, ಅಂಡರ್‌ಟೇಲ್ ಇವು ನೆಮ್ಮದಿಯಾಗಿ ಆಗುತ್ತವೆ. ಡಿಸ್ಕೋ ಎಲಿಸಿಯಮ್ ರೆಸಲ್ಯೂಷನ್ ಇಳಿಸಿದರೆ ಆದೀತು. ಬಾಲ್ಡರ್ಸ್ ಗೇಟ್ 3ರ ಆಸೆ ಅಲ್ಲಿ ಬೇಡ. ಅದು ಕನಿಷ್ಠ ಜಿಟಿಎಕ್ಸ್ 970, ಜೊತೆಗೆ 150 ಜಿಬಿ ಎಸ್‌ಎಸ್‌ಡಿ ಜಾಗ ಕೇಳುವ ಆಟ. ಲಿನಕ್ಸ್ ಹಾಕಿದ ಮಾತ್ರಕ್ಕೆ ಯಂತ್ರಕ್ಕೆ ಹೊಸ ಬಲ ಬರುವುದಿಲ್ಲ.

ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಖರ್ಚು ಮಾಡಬೇಕಾದದ್ದು ಅಲ್ಲೇ. ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದರ ಜಾಗಕ್ಕೆ ಕೂರುವ ಕ್ಯಾಡಿ ಒಂದು ತನ್ನಿ. ಕ್ಯಾಡಿಯಲ್ಲಿ ಎರಡು ದಪ್ಪ ಬರುತ್ತವೆ, 9.5 ಮಿಲಿಮೀಟರ್ ಮತ್ತು 12.7. ನಿಮ್ಮ ಡಿವಿಡಿ ಡ್ರೈವ್ ಬಿಚ್ಚಿ ಅಳೆದುಕೊಂಡೇ ಹೋಗಿ. ಎಸ್‌ಎಸ್‌ಡಿಯಲ್ಲಿ ಲಿನಕ್ಸ್, ಕ್ಯಾಡಿಯಲ್ಲಿ ಹಳೆಯ ಡಿಸ್ಕ್: ಹೀಗೆ ಮಾಡಿದರೆ ವಿಂಡೋಸ್‌ನಲ್ಲಿದ್ದ ಫೋಟೋ, ಮಾರ್ಕ್ಸ್ ಕಾರ್ಡು ಯಾವುದಕ್ಕೂ ಕೈ ತಾಗುವುದಿಲ್ಲ.

ಪೆನ್‌ಡ್ರೈವ್‌ನಿಂದ ಒಂದು ಸಂಜೆ

ಯಾವ ಲಿನಕ್ಸ್ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ ಹಾಕಿಕೊಡುತ್ತೇನೆ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ, ನೋಡಲು ವಿಂಡೋಸ್‌ನಿಂದ ಬಂದವರಿಗೆ ಗಾಬರಿಯಾಗುವುದಿಲ್ಲ. ತೀರಾ ಹೊಸ ಎಎಂಡಿ ಗ್ರಾಫಿಕ್ಸ್ ಇದ್ದವರು ಫೆಡೋರಾ ಕಡೆಯೋ ಆಟಕ್ಕೆಂದೇ ಸಿದ್ಧಪಡಿಸಿದ ಬಜೈಟ್ ಕಡೆಯೋ ನೋಡಬಹುದು.

ಮಿಂಟ್ ಇಡಿಯಾಗಿ ಅಡಗಿರುವ ಐಎಸ್‌ಒ ಫೈಲ್ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶದಿಂದ ಬರೆದು, ಅದರಿಂದಲೇ ಯಂತ್ರ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡುವ ಮೊದಲೇ ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಿಂದ ನಡೆಯುತ್ತದೆ. ಸದ್ದು ಬರುತ್ತದೆಯೇ, ಪರದೆಯ ಬೆಳಕು ಏರಿಳಿಯುತ್ತದೆಯೇ, ಟಚ್‌ಪ್ಯಾಡ್ ಒಪ್ಪುತ್ತದೆಯೇ, ವೈಫೈ ಸಿಗುತ್ತದೆಯೇ ನೋಡಿ. ವೈಫೈ ಸಿಗದಿದ್ದರೆ ಕೈಚೆಲ್ಲಬೇಡಿ: ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಇಂಟರ್ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತಾನೇ ಹುಡುಕಿಕೊಡುವುದುಂಟು.

ವಿಂಡೋಸ್ ಜೊತೆಗೇ ಇಟ್ಟುಕೊಳ್ಳುವವರು ಇನ್‌ಸ್ಟಾಲ್‌ಗೆ ಮುಂಚೆ ಎರಡು ಕೆಲಸ ಮುಗಿಸಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಅದನ್ನು ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಏನೂ ಬರೆಯಲಾಗದೆ ಒದ್ದಾಡುತ್ತೀರಿ.

ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ ಎಲ್ಲವನ್ನೂ ಹೊಸದು ಮಾಡಿಕೊಳ್ಳಿ. ಇಂಟೆಲ್, ಎಎಂಡಿ ಗ್ರಾಫಿಕ್ಸ್‌ಗೆ ಬೇರೆ ಡ್ರೈವರ್ ಬೇಕಿಲ್ಲ. ಎನ್‌ವಿಡಿಯಾ ಇದ್ದರೆ ಡ್ರೈವರ್ ಮ್ಯಾನೇಜರ್ ತೆರೆದು ಶಿಫಾರಸು ಮಾಡಿದ ಡ್ರೈವರ್ ಆರಿಸಿ. ಸಹಿಯಿಲ್ಲದ ತಂತ್ರಾಂಶವನ್ನು ಬೂಟ್ ಆಗುವಾಗಲೇ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದಲ್ಲಿ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆಗುವಾಗ ನೀಲಿ ಪರದೆಯೊಂದು ಬರುತ್ತದೆ. ಅದನ್ನು ಕಂಡು ಯಂತ್ರ ಕೆಟ್ಟಿತೆಂದು ಆಫ್ ಮಾಡಿಬಿಡುವವರೇ ಹೆಚ್ಚು. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ, ಆಗ ಕೊಟ್ಟ ಪಾಸ್‌ವರ್ಡ್ ಹಾಕಿ, ಮುಂದುವರಿಸಿ. ಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ.

ದುಡ್ಡು ಹಾಕುವ ಮುಂಚೆ

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿಯೇ ಹುಡುಕಿದರೆ ಬಿಟ್ಟಿ ಆಟಗಳು ಸಿಗುತ್ತವೆ. ಫ್ಲೇರ್ ಎಂಬುದು ಡಯಾಬ್ಲೋ ಜಾಡಿನದು, ಕ್ಲಿಕ್ ಮಾಡುತ್ತ ಹೊಡೆಯುವುದು. ಬ್ಯಾಟಲ್ ಫಾರ್ ವೆಸ್ನೋತ್ 2003ರಿಂದ ಬೆಳೆಯುತ್ತಿರುವ ಸರದಿಯ ತಂತ್ರದಾಟ. ಪೂರ್ತಿ ಆರ್‌ಪಿಜಿ ಅಲ್ಲದಿದ್ದರೂ ನಿಮ್ಮ ಸೈನಿಕರು ಅನುಭವ ಗಳಿಸಿ ಒಂದು ಕದನದಿಂದ ಇನ್ನೊಂದಕ್ಕೆ ಜೊತೆಗೆ ಬರುತ್ತಾರೆ, ಹಾಗಾಗಿ ಒಬ್ಬ ಸತ್ತರೂ ಹೊಟ್ಟೆ ಉರಿಯುತ್ತದೆ. ನೆಟ್‌ಹ್ಯಾಕ್ 1987ರದು. ಅಕ್ಷರಗಳಲ್ಲೇ ಬರೆದ ನೆಲಮಾಳಿಗೆ, ಸತ್ತರೆ ಮೊದಲಿನಿಂದ. ಅದು ಒರಟೆನಿಸಿದರೆ ಡಂಜನ್ ಕ್ರಾಲ್ ಸ್ಟೋನ್ ಸೂಪ್‌ನ ಚಿತ್ರವಿರುವ ಆವೃತ್ತಿ ತೆಗೆದುಕೊಳ್ಳಿ. ಇದರಲ್ಲಿ ಒಂದೇ ಕೀ ಒತ್ತಿದರೆ ಪಾತ್ರ ತಾನೇ ಮಹಡಿಯೆಲ್ಲ ಸುತ್ತಿ ನೋಡಿಬರುತ್ತದೆ, ಬೇಜಾರಿನ ನಡಿಗೆ ನಿಮಗಿಲ್ಲ. ಗ್ರಾಫಿಕ್ಸ್ ನೋಡಿ ಮೂಗು ಮುರಿಯುವವರು ಒಂದು ವಾರ ಆಡಿ ಆಮೇಲೆ ಹೇಳಲಿ.

ಸ್ಟೀಮ್ ಮತ್ತು ಪ್ರೋಟಾನ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಹುಡುಕಿ, ಇದು ವಾಲ್ವ್ ಕಂಪನಿಯ ಆಟಗಳ ಅಂಗಡಿ. ಸಿಸ್ಟಮ್ ಪ್ಯಾಕೇಜ್ ಆಗಿ ಬರುವುದನ್ನೇ ಹಾಕಿ. ಉಳಿದ ವ್ಯವಸ್ಥೆಯಿಂದ ಬೇಲಿ ಹಾಕಿ ಬೇರೆ ಇಡುವ ಫ್ಲ್ಯಾಟ್‌ಪ್ಯಾಕ್ ಆವೃತ್ತಿ ಕೆಟ್ಟದ್ದೇನಲ್ಲ, ಆದರೆ ಎರಡನೇ ಡ್ರೈವ್ ಅದಕ್ಕೆ ತಾನಾಗಿ ಕಾಣುವುದಿಲ್ಲ, ಫ್ಲ್ಯಾಟ್‌ಸೀಲ್ ಎಂಬ ತಂತ್ರಾಂಶದಲ್ಲಿ ಅನುಮತಿ ಕೊಡಬೇಕು. ಮಿಂಟ್ ಬದಲು ಉಬುಂಟು ಎಂಬ ಲಿನಕ್ಸ್ ಬಳಸುವವರು ಅದರ ಸ್ನ್ಯಾಪ್ ಆವೃತ್ತಿಯಿಂದ ದೂರ ಇರಿ, ವಾಲ್ವ್‌ನ ಎಂಜಿನಿಯರುಗಳೇ ಅದನ್ನು ಬೇಡವೆಂದಿದ್ದಾರೆ.

ಸ್ಟೀಮ್‌ನೊಳಗೆ ಎರಡು ಬಗೆಯ ಆಟ ಕಾಣುತ್ತೀರಿ. ಕೆಲವು ಲಿನಕ್ಸ್‌ಗೆಂದೇ ಬಂದವು: ಪಿಲ್ಲರ್ಸ್‌ನ ಎರಡೂ ಭಾಗ, ಟಿರನಿ, ವೇಸ್ಟ್‌ಲ್ಯಾಂಡ್ 2 ಮತ್ತು 3, ಶ್ಯಾಡೋರನ್‌ನ ಮೂರು ಆಟ. ಉಳಿದವು ವಿಂಡೋಸ್‌ನವು. ಅವುಗಳಿಗೆ ಪ್ರೋಟಾನ್. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸಲೆಂದು 1993ರಲ್ಲಿ ಶುರುವಾದ ವೈನ್ ಯೋಜನೆಯ ಮೇಲೆ ಕಟ್ಟಿ ವಾಲ್ವ್ 2018ರ ಆಗಸ್ಟ್‌ನಲ್ಲಿ ಬಿಟ್ಟದ್ದು ಇದು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ನಡೆಯುವುದೂ ಇದರಿಂದಲೇ. ಆಟ "ಈ ಚಿತ್ರ ಬಿಡಿಸು" ಎಂದು ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನಲ್ಲಿ ಕೇಳಿದ್ದನ್ನು ಪ್ರೋಟಾನ್ ಆ ಕ್ಷಣದಲ್ಲೇ ವಲ್ಕನ್‌ಗೆ ತಿರುಗಿಸುತ್ತದೆ. ಊರಿಂದ ಬಂದ ಅಜ್ಜಿ ಮಹಾತ್ಮಾ ಫುಲೆ ಮಂಡಿಯಲ್ಲಿ ಕನ್ನಡದಲ್ಲೇ ಮೆಂತ್ಯ ಕೇಳಿ, ಪಕ್ಕದಲ್ಲಿದ್ದ ಮೊಮ್ಮಗಳು ಮರಾಠಿಯಲ್ಲಿ ಹೇಳಿ ಕೊಡಿಸುತ್ತಾಳಲ್ಲ, ಹಾಗೆ. ಅಜ್ಜಿಯೂ ಮರಾಠಿ ಕಲಿಯಬೇಕಿಲ್ಲ, ಮಾರುವವಳೂ ಕನ್ನಡ ಕಲಿಯಬೇಕಿಲ್ಲ.

ಈಚಿನ ಸ್ಟೀಮ್‌ನಲ್ಲಿ ನೀವೇನೂ ಮಾಡಬೇಕಿಲ್ಲ, ವಿಂಡೋಸ್ ಆಟಕ್ಕೂ ಇನ್‌ಸ್ಟಾಲ್ ಗುಂಡಿ ತಾನೇ ಕಾಣುತ್ತದೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಆನ್ ಮಾಡಿ, ಸ್ಟೀಮ್ ಮುಚ್ಚಿ ತೆರೆಯಿರಿ.

ಕೊಳ್ಳುವ ಮೊದಲು ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಆಟದ ಹೆಸರು ಹುಡುಕಿ. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಟ್ಟಿರುತ್ತಾರೆ. ದರ್ಜೆ ನೋಡಿ ನಿಲ್ಲಬೇಡಿ, ಕೆಳಗೆ ಆಡಿದವರು ಬರೆದ ವರದಿಗಳಲ್ಲಿ ಈಚಿನವನ್ನು, ಅದರಲ್ಲೂ ನಿಮ್ಮಂಥದೇ ಗ್ರಾಫಿಕ್ಸ್ ಇರುವವರದನ್ನು ಓದಿ. ಮೂರು ವರ್ಷದ ಹಿಂದಿನ ದೂರು ಇವತ್ತಿಗೆ ಲೆಕ್ಕಕ್ಕಿಲ್ಲ.

ಕೊಂಡ ಮೇಲೂ ಒಂದು ಬಾಗಿಲು ತೆರೆದಿರುತ್ತದೆ. 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆರ್‌ಪಿಜಿಯವರಿಗೆ ಇದರಲ್ಲೊಂದು ತೊಡಕು ಇದೆ: ಪಾತ್ರದ ಮೂಗು, ಹುಬ್ಬು, ಜಡೆ ತಿದ್ದುತ್ತಲೇ ಮುಕ್ಕಾಲು ಗಂಟೆ ಹೋಗಿರುತ್ತದೆ. ಮೊದಲ ಸಲ ಸಿಕ್ಕ ಮುಖ ಒಪ್ಪಿಕೊಂಡು ನೇರ ಆಟಕ್ಕೆ ಇಳಿಯಿರಿ. ಒಂದು ಕಾಳಗ, ಒಂದು ಕಥಾದೃಶ್ಯ, ಒಂದು ಸೇವ್, ಆ ಸೇವ್ ಮತ್ತೆ ಲೋಡ್. ಈ ನಾಲ್ಕು ಸರಿಯಾದರೆ ಹೊರಗೆ ಬಂದು ಹುಬ್ಬಿನ ಕೆಲಸ ಶುರುಮಾಡಬಹುದು. ಹೆಸರನ್ನು ಕನ್ನಡದಲ್ಲೇ ಇಡುವ ಆಸೆ ಮಾತ್ರ ಸದ್ಯ ಬಿಡಿ, ಹೆಚ್ಚಿನ ಆಟಗಳ ಫಾಂಟಿನಲ್ಲಿ ಕನ್ನಡ ಇಲ್ಲದೆ ಬರೀ ಚೌಕಗಳು ಬರುತ್ತವೆ.

ಮೊದಲ ಸಲ ಶುರುವಾಗುವಾಗ 'ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್' ಎಂದು ಬಂದು ಹೊತ್ತು ಹಿಡಿಯುತ್ತದೆ. ಸ್ಕಿಪ್ ಒತ್ತಬಹುದು, ಆದರೆ ಒತ್ತಿದರೆ ಹೊಸ ಜಾಗಕ್ಕೆ ಹೋದಾಗೆಲ್ಲ ಆಟ ತಡವರಿಸೀತು. ಚಹಾ ಮಾಡಿಕೊಂಡು ಬನ್ನಿ.

ನಡೆಯದಿದ್ದರೆ

ಆಟದ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ಪ್ರೋಟಾನ್‌ನ ಆವೃತ್ತಿ ನಾವೇ ಆರಿಸಬಹುದು. ಹೊಸ ಆಟಕ್ಕೆ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್, ಹಳೆಯದಕ್ಕೆ ಒಂದೆರಡು ಆವೃತ್ತಿ ಹಿಂದಿನದು ಹಾಕಿ ನೋಡುವುದು ವಾಡಿಕೆ. ಲಿನಕ್ಸ್‌ಗೆಂದೇ ಬಂದ ಆಟ ಕೈಕೊಟ್ಟರೂ ಇದೇ ಔಷಧ: ಎಷ್ಟೋ ಲಿನಕ್ಸ್ ಆವೃತ್ತಿಗಳನ್ನು ಮಾಡಿದವರೇ ಮರೆತಿದ್ದಾರೆ, ಅದೇ ಆಟದ ವಿಂಡೋಸ್ ಆವೃತ್ತಿ ಪ್ರೋಟಾನ್‌ನಲ್ಲಿ ಇನ್ನೂ ಚೆನ್ನಾಗಿ ಓಡುತ್ತದೆ.

ಜಪಾನಿನ ಆರ್‌ಪಿಜಿಗಳಲ್ಲಿ ಒಂದು ವಿಶೇಷ ತೊಂದರೆ. ಆಟ ಸರಿ, ಸದ್ದೂ ಸರಿ, ಆದರೆ ಕಥಾದೃಶ್ಯದ ವಿಡಿಯೋ ಬರಬೇಕಾದ ಕಡೆ ಹಳೇ ಕಾಲದ ದೂರದರ್ಶನದ ಥರ ಬಣ್ಣಬಣ್ಣದ ಪಟ್ಟಿಗಳು ನಿಲ್ಲುತ್ತವೆ. ಆ ವಿಡಿಯೋ ಬಿಚ್ಚುವ ಕೋಡೆಕ್ ಪ್ರೋಟಾನ್‌ಗೆ ಸಿಕ್ಕಿಲ್ಲ ಎಂದರ್ಥ. ಇದಕ್ಕೆ ಪ್ರೋಟಾನ್ ಜಿಇ ಎಂಬ ಸಮುದಾಯದ ಆವೃತ್ತಿ ಇದೆ. ಪ್ರೋಟಾನ್‌ಅಪ್ ಕ್ಯೂಟಿ ಎಂಬ ಪುಟ್ಟ ತಂತ್ರಾಂಶದಿಂದ ಅದನ್ನು ಇಳಿಸಿ, ಸ್ಟೀಮ್ ಮುಚ್ಚಿ ತೆರೆದರೆ ಅದೇ ಪಟ್ಟಿಯಲ್ಲಿ ಜಿಇ ಕಾಣುತ್ತದೆ.

ಆದರೆ ಕಳ್ಳಪ್ರತಿ ತಡೆಯುವ ಡೆನುವೋ ಎಂಬ ಬೇರೆ ಬಗೆಯ ಕಾವಲಿರುವ ಆಟದಲ್ಲಿ ಒಂದರ ಹಿಂದೊಂದು ಆವೃತ್ತಿ ಬದಲಿಸುತ್ತ ಹೋಗಬೇಡಿ. ಪ್ರತಿ ಬದಲಾವಣೆಯನ್ನೂ ಅದು ಹೊಸ ಯಂತ್ರ ಎಂದು ಎಣಿಸಿ, ಒಂದು ಮಿತಿ ದಾಟಿದರೆ 24 ಗಂಟೆ ಬಾಗಿಲು ಹಾಕಿಬಿಡುತ್ತದೆ. ಡೆನುವೋ ಇದೆಯೇ ಎಂಬುದು ಸ್ಟೀಮ್‌ನ ಅಂಗಡಿ ಪುಟದ ಬಲಬದಿಯಲ್ಲಿ ಬರೆದಿರುತ್ತದೆ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಆಟ ಕುಂಟುತ್ತಿದ್ದರೆ ಅದು ಇಂಟೆಲ್ ಮೇಲೇ ಓಡುತ್ತಿರಬಹುದು. ಮಿಂಟ್‌ನ ಮೆನುವಿನಲ್ಲಿ ಸ್ಟೀಮ್ ಮೇಲೆ ಬಲ ಕ್ಲಿಕ್ ಮಾಡಿದರೆ ಎನ್‌ವಿಡಿಯಾದಲ್ಲಿ ಓಡಿಸುವ ಆಯ್ಕೆ ಸಿಗುತ್ತದೆ. ಇನ್ನೊಂದು, ಆಟಗಳನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿಟ್ಟು ಎರಡೂ ಕಡೆ ಆಡುವ ಉಪಾಯ. ಜಾಗ ಉಳಿಯುತ್ತದೆಂದು ಎಲ್ಲರಿಗೂ ಹೊಳೆಯುತ್ತದೆ, ಮಾಡಬೇಡಿ. ಕಾರಣವೇ ತಿಳಿಯದ ಹತ್ತಾರು ತೊಂದರೆಗಳ ಬುಡ ಅಲ್ಲಿದೆ. ಆಟಗಳ ಡ್ರೈವ್ ಲಿನಕ್ಸ್‌ನದೇ ಬಗೆಯಾದ ಎಕ್ಸ್‌ಟಿ4 ಆಗಿರಲಿ.

ಆನ್‌ಲೈನ್ ಆರ್‌ಪಿಜಿ ಬೇಕೆನ್ನುವವರಿಗೆ ಗಿಲ್ಡ್ ವಾರ್ಸ್ 2, ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಪ್ರೋಟಾನ್‌ನಲ್ಲಿ ನಡೆಯುತ್ತವೆ. ಕಾವಲು ತಂತ್ರಾಂಶ ಇದ್ದರೂ ಎಲ್ಡನ್ ರಿಂಗ್ ಕೂಡ ನಡೆಯುತ್ತದೆ, ಮಾಡಿದವರು ಅನುಮತಿ ಕೊಟ್ಟಿದ್ದಾರೆ. ಜೆನ್‌ಶಿನ್ ಇಂಪ್ಯಾಕ್ಟ್‌ಗೆ ಲಿನಕ್ಸ್‌ನ ಅಧಿಕೃತ ಬೆಂಬಲವಿಲ್ಲ. ಅಂಥದರ ಖಾತೆಗೆ ದುಡ್ಡು ಹಾಕಿದ್ದರೆ ಫೋನಿನಲ್ಲೇ ಆಡಿಕೊಳ್ಳಿ.

ಸ್ಟೀಮ್‌ನ ಹೊರಗೆ ಕೊಂಡದ್ದಕ್ಕೆ, ಅಂದರೆ ಜಿಒಜಿ, ಎಪಿಕ್ ಅಂಗಡಿಗಳ ಆಟಗಳಿಗೆ, ಹೀರೋಯಿಕ್ ಗೇಮ್ಸ್ ಲಾಂಚರ್. ಸಿಡಿ ಕಾಲದವಕ್ಕೆ ಲೂಟ್ರಿಸ್. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಜಾಯ್‌ಸ್ಟಿಕ್‌ಗಳು ಚುಚ್ಚಿದರೆ ಸಾಕು, ಡ್ರೈವರ್ ಕರ್ನಲ್‌ನಲ್ಲೇ ಇದೆ.

ಹಳೆಯ ಆಟ, ಹೊಸ ಎಂಜಿನ್

ಹಳೇ ಲ್ಯಾಪ್‌ಟಾಪಿನವರು ಕಡೆಗಣಿಸಬಾರದ್ದು ಇದು. 2002ರ ಮೊರೊವಿಂಡ್ ಆಟದ ಎಂಜಿನ್ನನ್ನು ಮೊದಲಿಂದ ಬರೆದ ಯೋಜನೆ ಓಪನ್‌ಎಂಡಬ್ಲ್ಯೂ. ಎಂಜಿನ್ ಬಿಟ್ಟಿ, ಮುಕ್ತ. ಆಟದ ಚಿತ್ರ, ಸಂಗೀತ, ಮಾತುಗಳ ಫೈಲು ಮಾತ್ರ ನೀವು ಕೊಂಡ ಪ್ರತಿಯಿಂದ ಬರಬೇಕು. ಸ್ಟೀಮ್‌ನಲ್ಲಿ ಮೊರೊವಿಂಡ್ ಕೊಂಡು ಎಂದಿನಂತೆ ಇನ್‌ಸ್ಟಾಲ್ ಮಾಡಿ, ಆದರೆ ಓಡಿಸಬೇಡಿ. ಓಪನ್‌ಎಂಡಬ್ಲ್ಯೂ ಹಾಕಿ, ಅದರ ಸೆಟಪ್ ವಿಝಾರ್ಡ್ ಆಟ ಎಲ್ಲಿದೆ ಎಂದು ಕೇಳಿದಾಗ ಸ್ಟೀಮ್ ಇಳಿಸಿದ ಫೋಲ್ಡರ್‌ನಲ್ಲಿರುವ 'ಡೇಟಾ ಫೈಲ್ಸ್' ತೋರಿಸಿ. ಫೋಲ್ಡರ್ ಸಿಗದಿದ್ದರೆ ಆಟದ ಮೇಲೆ ಬಲ ಕ್ಲಿಕ್, ಮ್ಯಾನೇಜ್, ಬ್ರೌಸ್ ಲೋಕಲ್ ಫೈಲ್ಸ್. ಇಷ್ಟಾದರೆ ಮೂಲ ಆಟಕ್ಕಿಂತ ದೂರದವರೆಗೆ ಕಾಣುವ ಬೆಟ್ಟಗಳು, ಸಲೀಸಾದ ಚಲನೆ, ಮಧ್ಯೆ ಪ್ರೋಟಾನ್ ಕೂಡ ಇಲ್ಲ.

ಅದೇ ಸರಣಿಯ ಹಿಂದಿನ ಆಟ ಡ್ಯಾಗರ್‌ಫಾಲ್ 1996ರದು, ಮಾಡಿದ ಕಂಪನಿ ಬೆಥೆಸ್ಡಾ 2009ರಿಂದ ಅದನ್ನು ಬಿಟ್ಟಿ ಕೊಡುತ್ತಿದೆ. ಅದಕ್ಕೆ ಡ್ಯಾಗರ್‌ಫಾಲ್ ಯೂನಿಟಿ ಎಂಬ ಹೊಸ ಎಂಜಿನ್ ಇದೆ. ಮೊದಲ ಡಯಾಬ್ಲೋಗೆ ಡೆವಿಲೂಷನ್‌ಎಕ್ಸ್. ಬಾಲ್ಡರ್ಸ್ ಗೇಟ್‌ನ ಹಳೆಯ ಸಿಡಿಗಳು ಯಾರ ಬಳಿಯಾದರೂ ಇದ್ದರೆ ಜೆಮ್‌ಆರ್‌ಬಿ ನೋಡಿ.

ಸೇವ್ ಫೈಲು ಮತ್ತು ಗುರುವಾರ

ಎಂಬತ್ತು ಗಂಟೆ ಆಡಿದ ಆರ್‌ಪಿಜಿಯ ಸೇವ್ ಹೋದರೆ ಅದನ್ನು ಮತ್ತೆ ಆಡುವ ಮನಸ್ಸು ಯಾರಿಗೂ ಇರುವುದಿಲ್ಲ. ಸ್ಟೀಮ್ ಕ್ಲೌಡ್ ಇರುವ ಆಟದಲ್ಲಿ ಯೋಚನೆ ಕಡಿಮೆ, ಆದರೆ ಎಲ್ಲ ಆಟಕ್ಕೂ ಅದಿಲ್ಲ. ಪ್ರೋಟಾನ್ ಪ್ರತಿ ಆಟಕ್ಕೂ ಒಂದೊಂದು ನಕಲಿ ಸಿ ಡ್ರೈವ್ ಮಾಡಿಡುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ ಅಡಗಿದ ಫೋಲ್ಡರ್‌ಗಳನ್ನು ಕಾಣಿಸಿಕೊಳ್ಳಿ. ಸ್ಟೀಮ್‌ನ ಫೋಲ್ಡರ್‌ನೊಳಗೆ ಸ್ಟೀಮ್‌ಆ್ಯಪ್ಸ್, ಅದರೊಳಗೆ ಕಂಪ್ಯಾಟ್‌ಡೇಟಾ. ಅಲ್ಲಿ ಹೆಸರುಗಳ ಬದಲು ಅಂಕಿಗಳಿರುತ್ತವೆ: ವಿಚರ್ 3 ಅಂದರೆ 292030, ಬಾಲ್ಡರ್ಸ್ ಗೇಟ್ 3 ಅಂದರೆ 1086940. ಅಂಗಡಿ ಪುಟದ ವಿಳಾಸದಲ್ಲಿ ಕಾಣುವ ಅಂಕಿಯೇ ಇದು. ಅದರೊಳಗೆ ಪಿಎಫ್‌ಎಕ್ಸ್, ಸಿ ಡ್ರೈವ್, ಯೂಸರ್ಸ್, ಸ್ಟೀಮ್‌ಯೂಸರ್. ಇಲ್ಲಿಂದ ಮುಂದೆ ವಿಂಡೋಸ್‌ನಲ್ಲಿದ್ದಂತೆಯೇ: ವಿಚರ್‌ನ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ, ಬಾಲ್ಡರ್ಸ್ ಗೇಟ್‌ನವು ಆ್ಯಪ್‌ಡೇಟಾದ ಲೋಕಲ್‌ನಲ್ಲಿ. ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡದೆ ಆಟ ಅನ್‌ಇನ್‌ಸ್ಟಾಲ್ ಮಾಡಬೇಡಿ. ಲಿನಕ್ಸ್ ಆವೃತ್ತಿಯಿಂದ ಪ್ರೋಟಾನ್‌ಗೆ ಹಾರಿದಾಗ ಸೇವ್‌ಗಳೆಲ್ಲ ಮಾಯವಾದಂತೆ ಕಂಡರೂ ಗಾಬರಿ ಬೇಡ, ಎರಡರ ಜಾಗ ಬೇರೆಬೇರೆ ಅಷ್ಟೇ. ಹಳೆಯದು ನಿಮ್ಮ ಹೋಮ್ ಫೋಲ್ಡರ್‌ನ ಯಾವುದೋ ಅಡಗಿದ ಮೂಲೆಯಲ್ಲಿ ಇದ್ದೇ ಇರುತ್ತದೆ.

ಪುಣೆಯಲ್ಲಿ ಗುರುವಾರ ದುರಸ್ತಿಯ ನೆವದಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಬ್ಯಾಟರಿಯ ಮೇಲೆ ಆಡುವಾಗ ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿ 30ಕ್ಕೆ ಇಳಿಸಿ, ಪರದೆಯ ಬೆಳಕು ತಗ್ಗಿಸಿ. ಫ್ಯಾನಿನ ಸದ್ದು ತಗ್ಗುತ್ತದೆ, ಬ್ಯಾಟರಿ ಎದ್ದುಕಾಣುವಷ್ಟು ಹೆಚ್ಚು ಹೊತ್ತು ಬರುತ್ತದೆ. ಸರದಿಯ ಆಟದಲ್ಲಿ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ.

ಒಂದೇ ಫ್ಲ್ಯಾಟಿನಲ್ಲಿ ಇಬ್ಬರ ಬಳಿ ಒಂದೇ ಆಟ ಇದ್ದರೆ 150 ಜಿಬಿಯನ್ನು ಎರಡು ಸಲ ಇಳಿಸುವ ದರಿದ್ರ ಬೇಡ. 2023ರಿಂದ ಸ್ಟೀಮ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಇದೆ. ಎರಡೂ ಯಂತ್ರಗಳ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಪುಟದಲ್ಲಿ ಅದನ್ನು ಆನ್ ಮಾಡಿ, ಒಂದೇ ರೂಟರ್‌ಗೆ ಜೋಡಿಸಿ, ಸಾಧ್ಯವಾದರೆ ಲ್ಯಾನ್ ಕೇಬಲ್‌ನಲ್ಲಿ. ಪ್ರೋಟಾನ್‌ನಲ್ಲಿ ಓಡುವ ಆಟದ ಫೈಲುಗಳು ವಿಂಡೋಸ್‌ನವೇ ಆದ್ದರಿಂದ, ರೂಮ್‌ಮೇಟ್ ಇನ್ನೂ ವಿಂಡೋಸ್‌ನಲ್ಲೇ ಇದ್ದರೂ ಅವನ ಡಿಸ್ಕಿನಿಂದ ನಿಮ್ಮದಕ್ಕೆ ಬರುತ್ತವೆ.